ಒಡೆದ ಹೆಂಚು, ಒಡೆಯದ ಇಟ್ಟಿಗೆ

ವಂದನಾರ್ಪಣೆ ಎಂಬುದು ಸಭೆಗಳಲ್ಲಿ ಯಾರೂ ಕಿವಿಗೊಡದ ಭಾಗ. ಅಧ್ಯಕ್ಷರ ಮಾತು ಮುಗಿಯುವ ಹೊತ್ತಿಗೆ ಹಿಂದಿನ ಸಾಲಿನವರು ಚಪ್ಪಲಿ ಹುಡುಕುತ್ತಿರುತ್ತಾರೆ. ಮುಂದಿನ ಸಾಲಿನವರು ಕಾಫಿಯ ವಾಸನೆ ಬರುವ ಕಡೆಗೆ ಮುಖ ಮಾಡಿರುತ್ತಾರೆ. ಆದ್ದರಿಂದ ವಂದನಾರ್ಪಣೆ ಮಾಡುವವನು ಏನು ಹೇಳಿದರೂ ಅಪಾಯವಿಲ್ಲವೆಂದು ನಾನು ನಂಬಿದ್ದೆ. ಆ ನಂಬಿಕೆ ಸುಳ್ಳಾದದ್ದು 1986ರ ಜನವರಿಯ ಕಡೆಯ ವಾರದಲ್ಲಿ.

ಆಗ ನಾನು ಜಿಲ್ಲಾ ಕೇಂದ್ರವೊಂದರ ಕಾಲೇಜಿನಲ್ಲಿ ಕನ್ನಡದ ಅಧ್ಯಾಪಕ. ಕೆಲಸಕ್ಕೆ ಸೇರಿ ಮೂರು ನಾಲ್ಕು ವರ್ಷಗಳಾಗಿದ್ದವು. ವಾರ್ಷಿಕೋತ್ಸವಕ್ಕೆ ದೊಡ್ಡ ಊರಿನಿಂದ ಕರಾಟೆ ಗುರುಗಳೊಬ್ಬರು ಶಿಷ್ಯರೊಡನೆ ಬಂದಿದ್ದರು. ಬ್ರೂಸ್ ಲೀಯ ಚಿತ್ರಗಳು ನಮ್ಮ ಸಣ್ಣ ಊರುಗಳ ಟೆಂಟುಗಳನ್ನೂ ತಲುಪಿದ್ದ ಕಾಲ ಅದು. ಬಿಳಿಯ ಉಡುಪಿನ ಆ ಗುರುಗಳು ಹಲಗೆಗಳನ್ನು ಮುಷ್ಟಿಯಿಂದ ಸೀಳಿದರು. ಒಂದರ ಮೇಲೊಂದಿಟ್ಟ ಮಂಗಳೂರು ಹೆಂಚುಗಳನ್ನು ಅಂಗೈಯ ಅಂಚಿನಿಂದ ಪುಡಿಮಾಡಿದರು. ಕೊನೆಗೆ ಎರಡು ಕಲ್ಲುಗಳ ಮೇಲೆ ಸೇತುವೆಯಂತೆ ಇಟ್ಟ ಇಟ್ಟಿಗೆಯನ್ನು ಒಂದೇ ಏಟಿಗೆ ಎರಡು ತುಂಡು ಮಾಡಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಆ ಚಪ್ಪಾಳೆಯ ಬಿಸಿ ಆರುವ ಮುನ್ನ ಧ್ವನಿವರ್ಧಕದ ಮುಂದೆ ನಿಂತವನು ನಾನು.

ನಾನು ಎರಡು ಮಾತು ಹೇಳಿದೆ. ಮೊದಲನೆಯದು, ಈ ವಿದ್ಯೆ ನಮ್ಮದೇ. ಕಾಂಚಿಯ ರಾಜಕುಮಾರ ಬೋಧಿಧರ್ಮನು ಇದನ್ನು ಚೀನಾ ದೇಶಕ್ಕೆ ಒಯ್ದು ಶಾವೊಲಿನ್ ಮಠದ ಭಿಕ್ಷುಗಳಿಗೆ ಧಾರೆಯೆರೆದನೆಂಬುದು. ಎರಡನೆಯದು, ಇದು ತೋಳಿನ ಬಲವಲ್ಲ, ಮನಸ್ಸಿನ ಬಲ. ಸಂಕಲ್ಪವೊಂದು ದೃಢವಾಗಿದ್ದರೆ ಇಟ್ಟಿಗೆಯೇನು, ಬಂಡೆಯೂ ಬಿರಿಯುತ್ತದೆ ಎಂಬುದು. ಅಂದು ಜನ ನನ್ನ ವಂದನಾರ್ಪಣೆಯನ್ನು ಕೇಳಿದರು. ಕೇಳಬಾರದಾಗಿದ್ದ ಒಬ್ಬನೂ ಕೇಳಿದ.

ಅವನು ಬಿ.ಎ. ಮೊದಲ ವರ್ಷದ ಹುಡುಗ. ಮಾರನೆಯ ದಿನ ಮನೆಯ ಹಿತ್ತಿಲಲ್ಲಿ ನೆಲದ ಮೇಲೆ ಇಟ್ಟಿಗೆಯೊಂದನ್ನು ಮಲಗಿಸಿ, ಕಣ್ಣು ಮುಚ್ಚಿ, ಸಂಕಲ್ಪ ಮಾಡಿ, ಬಲಗೈ ಮುಷ್ಟಿಯಿಂದ ಗುದ್ದಿದ. ಇಟ್ಟಿಗೆ ಹಾಗೆಯೇ ಇತ್ತು. ಕಿರುಬೆರಳಿನ ಬುಡದಲ್ಲಿ, ಅಂಗೈಯೊಳಗಿನ ಎಲುಬು ಮುರಿಯಿತು. ಮಾರ್ಚಿಯ ಪರೀಕ್ಷೆಗೆ ಅವನು ಬರೆಯಲಾಗಲಿಲ್ಲ.

ಹುಡುಗನ ತಂದೆ ಗಾರೆ ಕೆಲಸದ ಮೇಸ್ತ್ರಿ. ಮಗನ ರಜಾಚೀಟಿ ಕೊಡಲು ಕಾಲೇಜಿಗೆ ಬಂದವರು ನನ್ನನ್ನು ಹುಡುಕಿಕೊಂಡು ಬಂದರು. ಬೈಗುಳಕ್ಕೆ ಸಿದ್ಧನಾಗಿಯೇ ನಾನು ಹೊರಗೆ ಹೋದೆ. ಅವರು ಬೈಯಲಿಲ್ಲ. "ಮೇಷ್ಟ್ರೇ, ನಿಮ್ಮ ಮೇಲೆ ನನಗೇನೂ ಸಿಟ್ಟಿಲ್ಲ. ನೀವು ಓದಿದೋರು. ಆದರೆ ಇಟ್ಟಿಗೆ ವಿಷಯ ನಮ್ಮನ್ನ ಒಂದು ಮಾತು ಕೇಳಬಹುದಾಗಿತ್ತು" ಎಂದರು.

ಕಾಲೇಜಿನ ಹಿಂದೆ ಹೊಸ ಕೊಠಡಿಯೊಂದು ಏಳುತ್ತಿತ್ತು. ಅವರು ನನ್ನನ್ನು ಅಲ್ಲಿಗೆ ಕರೆದೊಯ್ದು, ಒಂದು ಇಟ್ಟಿಗೆಯನ್ನು ಎಡಗೈಯ ಮೇಲೆ ಇಟ್ಟುಕೊಂಡು, ಕರಣೆಯ ಅಂಚಿನಿಂದ ಒಂದೇ ಒಂದು ಏಟು ಕೊಟ್ಟರು. ಕತ್ತರಿಸಿಟ್ಟಂತೆ ಅದು ಎರಡಾಯಿತು. ಇನ್ನೊಂದು ಇಟ್ಟಿಗೆಯನ್ನು ಗಟ್ಟಿ ನೆಲದ ಮೇಲೆ ಮಲಗಿಸಿ ಅದೇ ಕರಣೆಯಿಂದ ಹೊಡೆದರು. ಒಂದು ಚೂರು ಹಾರಿತಷ್ಟೆ. "ಕೈ ಮೇಲಿದ್ದಾಗ ಅದಕ್ಕೆ ಬಾಗೋಕೆ ಜಾಗ ಇರುತ್ತೆ. ನೆಲದ ಮೇಲೆ ಮಲಗಿದ್ರೆ ಅದರ ಬೆನ್ನಿಗೆ ಭೂಮಿತಾಯಿ ಇರ್ತಾಳೆ. ಭೂಮಿತಾಯಿನ ಗುದ್ದೋಕಾಗುತ್ತಾ, ಸ್ವಾಮಿ?"

ಈ ವಿಷಯದಲ್ಲಿ ನಾನು ಕಲಿತ ಮೊದಲ ಪಾಠ ಅದು. ಅಂದು ಆಡಿದ ಎರಡು ಮಾತುಗಳನ್ನು ತೂಗಿ ನೋಡುವುದು ನನಗೆ ಆ ಬಳಿಕ ಒಂದು ಋಣದಂತಾಯಿತು. ಆ ಋಣದ ಲೆಕ್ಕವನ್ನೇ ಇಂದು ತಮ್ಮ ಮುಂದೆ ಇಡುತ್ತಿದ್ದೇನೆ.

ಮೊದಲು ಚರಿತ್ರೆಯ ಮಾತು. ಬೋಧಿಧರ್ಮನು ದಕ್ಷಿಣ ಭಾರತದಿಂದ ಹೋದವನೆಂದು ಹೇಳುವ ಪ್ರಾಚೀನ ಚೀನೀ ಬರಹವುಂಟು. ಪಶ್ಚಿಮ ದೇಶದಿಂದ ಬಂದ ಪಾರಸಿಕನೆಂದು ಹೇಳುವ ಆರನೆಯ ಶತಮಾನದ ಬರಹವೂ ಉಂಟು. ಆದರೆ ಆ ಹಳೆಯ ಬರಹಗಳಲ್ಲಿ ಅವನು ಧ್ಯಾನದ ಗುರು; ಮುಷ್ಟಿವಿದ್ಯೆಯ ಸುದ್ದಿಯೇ ಅಲ್ಲಿಲ್ಲ. ಅವನ ಹೆಸರಿಗೆ ಅಂಗಸಾಧನೆಯ ಗ್ರಂಥವೊಂದು ಅಂಟಿಕೊಂಡದ್ದು 1624ರ ಸುಮಾರಿಗೆ, ಅಂದರೆ ಅವನು ಬಾಳಿದನೆನ್ನುವ ಕಾಲಕ್ಕೆ ಸಾವಿರ ವರ್ಷಗಳ ನಂತರ. ಆ ಗ್ರಂಥದ ಪೀಠಿಕೆಗಳು ಕೃತಕವೆಂದು ಚೀನೀ ವಿದ್ವಾಂಸರೇ ತೋರಿಸಿದ್ದಾರೆ. 1930ರ ದಶಕದಲ್ಲಿ ಟಾಂಗ್ ಹಾವೊ ಎಂಬ ಇತಿಹಾಸಕಾರನು ಈ ಕಥೆಯ ಬುಡವನ್ನೇ ಅಲುಗಿಸಿದನು. ನಮ್ಮಲ್ಲಿ ಕಾವ್ಯಗಳ ಕಾಲನಿರ್ಣಯ ಮಾಡುವಾಗ ಒಂದು ಅಕ್ಷರದ ಪಾಠಾಂತರಕ್ಕೂ ವರ್ಷಗಟ್ಟಲೆ ವಾದ ಮಾಡುವ ನಾವು, ಅಭಿಮಾನದ ಸಂಗತಿ ಬಂದಾಗ ಸಾವಿರ ವರ್ಷದ ಅಂತರವನ್ನು ಒಂದೇ ನೆಗೆತಕ್ಕೆ ದಾಟಿಬಿಡುತ್ತೇವೆ.

ಹೆಮ್ಮೆಪಡಬೇಕೆಂದಿದ್ದರೆ ನಮಗೆ ಬೇರೆ ಆಧಾರವಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದಕ್ಕೇ ಒಂದು ಭಾಗವಿದೆ. ಮಲ್ಲರ ದರ್ಜೆಗಳು, ಅವರ ಊಟ, ಅವರ ಸಾಧನೆ ಇವನ್ನೆಲ್ಲ ಆ ರಾಜನು ಅಡಿಗೆಯ ಪ್ರಕರಣವನ್ನು ಬರೆದಷ್ಟೇ ಸಾವಧಾನದಿಂದ ಬರೆದಿದ್ದಾನೆ. ದೇಹಬಲವೆಂಬುದು ಆಹಾರದಿಂದ, ಅಭ್ಯಾಸದಿಂದ ಬರುವುದೆಂದು ಆ ದೊರೆಗೆ ಗೊತ್ತಿತ್ತು. ನನಗೆ ಅಂದು ಗೊತ್ತಿರಲಿಲ್ಲ.

ಕರಾಟೆಯ ತವರು ಶಾವೊಲಿನ್ ಅಲ್ಲ. ಜಪಾನಿನ ದಕ್ಷಿಣಕ್ಕೆ ಚೆಲ್ಲಿರುವ ದ್ವೀಪಗಳಲ್ಲಿ ದೊಡ್ಡದಾದ ಓಕಿನಾವಾ. ಅದು ರ್ಯೂಕ್ಯೂ ಎಂಬ ಸ್ವತಂತ್ರ ರಾಜ್ಯವಾಗಿದ್ದು, ಚೀನಾದೊಡನೆ ಹಳೆಯ ಒಡನಾಟವನ್ನು ಇಟ್ಟುಕೊಂಡಿತ್ತು. 1879ರಲ್ಲಿ ಜಪಾನು ಅದನ್ನು ತನ್ನ ಆಡಳಿತದೊಳಗೆ ಸೇರಿಸಿಕೊಂಡಿತು. ಆಯುಧ ಕಳೆದುಕೊಂಡ ರೈತರು ಸಮುರಾಯಿಗಳ ಕವಚವನ್ನು ಭೇದಿಸಲು ಕೈಯನ್ನೇ ಈಟಿ ಮಾಡಿಕೊಂಡರೆಂಬ ಕಥೆ ಬಹಳ ಪ್ರಚಾರದಲ್ಲಿದೆ. ಕಥೆ ಸೊಗಸಾಗಿದೆ. ಆದರೆ ನಮಗೆ ಹೆಸರು ತಿಳಿದಿರುವ ಹಿರಿಯ ಗುರುಗಳು ರೈತರಲ್ಲ, ಅರಮನೆಯ ಊಳಿಗದವರು. ಮಾತ್ಸುಮುರಾ ಸೋಕೊನ್ ರಾಜನ ಅಂಗರಕ್ಷಕ. ಅವನ ಶಿಷ್ಯ ಇತೊಸು ಆಂಕೊ ಕಚೇರಿಯಲ್ಲಿ ಬರವಣಿಗೆಯ ಕೆಲಸದವನು. ಈ ಇತೊಸುವೇ ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಕರಾಟೆಯನ್ನು ಶಾಲೆಗಳ ಅಂಗಳಕ್ಕೆ ತಂದವನು. 1908ರಲ್ಲಿ ಅವನು ಬರೆದ ಹತ್ತು ಸೂತ್ರಗಳ ಪತ್ರದಲ್ಲಿ, ಹುಲ್ಲುಹಗ್ಗ ಸುತ್ತಿದ ಮರದ ಕಂಬಕ್ಕೆ ದಿನವೂ ನೂರು ಇನ್ನೂರು ಬಾರಿ ಗುದ್ದಿ ಕೈ ಹದಮಾಡಿಕೊಳ್ಳಬೇಕೆಂಬ ಸೂಚನೆಯಿದೆ. ಆ ಕಂಬಕ್ಕೆ ಮಕಿವಾರಾ ಎಂದು ಹೆಸರು. ಗಮನಿಸಬೇಕಾದ ಸಂಗತಿಯೆಂದರೆ, ಆ ಕಂಬ ಒಡೆಯುವುದಕ್ಕಾಗಿ ನಿಲ್ಲಿಸಿದ್ದಲ್ಲ. ಏಟಿಗೆ ಬಾಗಿ, ಮತ್ತೆ ನೆಟ್ಟಗಾಗುವ ಕಂಬ. ಅದು ಸಾಧನೆಯ ಗೆಳೆಯ, ಸೋಲಿಸಬೇಕಾದ ವೈರಿಯಲ್ಲ.

ಒಡೆಯುವ ವಿದ್ಯೆಗೆ ಜಪಾನೀ ಭಾಷೆಯಲ್ಲಿ ತಮೆಶಿವಾರಿ ಎಂಬ ಮಾತಿದೆ. ಕನ್ನಡದ ಮೇಷ್ಟ್ರಾದ ನನಗೆ ಪದದ ಬೇರು ಕೆದಕುವ ಚಟ. ತಮೆಶಿ ಎಂದರೆ ಪರೀಕ್ಷೆ. ವಾರಿ ಎಂದರೆ ಸೀಳುವುದು. ಹೊಸ ಖಡ್ಗದ ಹರಿತವನ್ನು ಕತ್ತರಿಸಿ ನೋಡುವುದಕ್ಕೆ ತಮೆಶಿಗಿರಿ ಎಂಬ ಹಳೆಯ ಪದವಿದೆ. ಅಲ್ಲಿಯೂ ಇದೇ 'ಪರೀಕ್ಷೆ'. ಅಂದರೆ ಕತ್ತಿಯಿದ್ದವನು ಕತ್ತಿಯನ್ನು ಪರೀಕ್ಷಿಸಿದ; ಬರಿಗೈಯವನು ಕೈಯನ್ನು ಪರೀಕ್ಷಿಸಿದ. ಪದವೇ ಹೇಳುವಂತೆ ಅದು ಪ್ರದರ್ಶನವಲ್ಲ, ಪರೀಕ್ಷೆ. ಪರೀಕ್ಷೆಗೆ ಮೊದಲು ಓದಬೇಕು ಎಂಬ ಸಾಮಾನ್ಯ ಸತ್ಯವನ್ನು ವಿದ್ಯಾರ್ಥಿಗಳಿಗೆ ದಿನವೂ ಹೇಳುತ್ತಿದ್ದ ನಾನು, ಅಂದಿನ ಸಭೆಯಲ್ಲಿ ಅದನ್ನೇ ಮರೆತೆ.

ಓಕಿನಾವಾದ ಈ ವಿದ್ಯೆಯನ್ನು ಜಪಾನಿನ ಮುಖ್ಯ ಭೂಮಿಗೆ ಪರಿಚಯಿಸಿದವರಲ್ಲಿ ಪ್ರಮುಖನಾದ ಫುನಾಕೊಶಿ ಗಿಚಿನ್ ನಮ್ಮಂತೆಯೇ ಒಬ್ಬ ಶಾಲೆಯ ಮೇಷ್ಟ್ರು. 1868ರಲ್ಲಿ ಹುಟ್ಟಿದ ಈತ 1922ರಲ್ಲಿ ಟೋಕಿಯೋದಲ್ಲಿ ಶಿಕ್ಷಣ ಇಲಾಖೆ ಏರ್ಪಡಿಸಿದ್ದ ಪ್ರದರ್ಶನದಲ್ಲಿ ತನ್ನ ವಿದ್ಯೆಯನ್ನು ತೋರಿಸಿದಾಗ ವಯಸ್ಸು ಐವತ್ತು ದಾಟಿತ್ತು. ಆ ಕಾಲದವರೆಗೆ 'ಕರ' ಎಂಬುದನ್ನು ಚೀನಾ ಎಂಬ ಅರ್ಥದ ಅಕ್ಷರದಿಂದ ಬರೆಯುವುದು ರೂಢಿಯಾಗಿತ್ತು. 1930ರ ದಶಕದಲ್ಲಿ ಅದೇ ಉಚ್ಚಾರದ, 'ಬರಿದು' ಎಂಬ ಅರ್ಥದ ಅಕ್ಷರ ನೆಲೆಯಾಯಿತು. ಉಚ್ಚಾರ ಬದಲಾಗದೆ 'ಚೀನಾದ ಕೈ' ಎಂಬುದು 'ಬರಿಗೈ' ಆಯಿತು. ಈ ವಿದ್ಯೆಯ ಕೊನೆಯ ಗುರಿ ಸೋಲು ಗೆಲುವುಗಳಲ್ಲಿಲ್ಲ, ಸಾಧಕನ ಶೀಲದ ಪರಿಪೂರ್ಣತೆಯಲ್ಲಿದೆ ಎಂಬುದು ಫುನಾಕೊಶಿಯ ನಿಲುವು. ಸಾಹಿತ್ಯಪ್ರಿಯರಾದ ತಮಗೆ ಇನ್ನೊಂದು ಸಂಗತಿ ಹಿಡಿಸೀತು: ಆತ ಕವಿತೆಗಳನ್ನೂ ಬರೆಯುತ್ತಿದ್ದ. ಅವನ ಕಾವ್ಯನಾಮ ಶೋಟೊ. ಪೈನ್ ಮರಗಳ ತೋಪಿನಲ್ಲಿ ಗಾಳಿ ಬೀಸಿದಾಗ ಏಳುವ ಅಲೆಯಂಥ ಸದ್ದು ಎಂದು ಅದರ ಅರ್ಥ. ಅವನ ಶಾಲೆಗೆ ಬಂದ ಶೋಟೊಕಾನ್ ಎಂಬ ಹೆಸರು ಈ ಕಾವ್ಯನಾಮದಿಂದಲೇ ಬಂದದ್ದು. ಇಂದು ಲೋಕದ ಕರಾಟೆ ಶಾಲೆಗಳಲ್ಲಿ ಹೆಚ್ಚಾಗಿ ಒಡೆಯುವುದು ಪೈನ್ ಮರದ ಹಲಗೆಗಳನ್ನು. ಆ ಮರದ ಸದ್ದಿಗೆ ಕಿವಿಗೊಟ್ಟ ಕವಿಯ ಹೆಸರು ಒಂದು ಕಡೆ, ಅದನ್ನು ಮುರಿಯುವ ಕೈಗಳ ಸದ್ದು ಇನ್ನೊಂದು ಕಡೆ!

ಪರೀಕ್ಷೆ ಪ್ರದರ್ಶನವಾದದ್ದು ಎರಡನೆಯ ಮಹಾಯುದ್ಧದ ನಂತರ. ಕೊರಿಯಾದಲ್ಲಿ ಹುಟ್ಟಿ ಜಪಾನಿನಲ್ಲಿ ನೆಲಸಿದ ಒಯಾಮಾ ಮಸುತಾತ್ಸು ಯುದ್ಧಾನಂತರ ಬೆಟ್ಟಗಳಲ್ಲಿ ಒಂಟಿಯಾಗಿ ಸಾಧನೆ ಮಾಡಿದ. 1952ರಲ್ಲಿ ಅಮೆರಿಕದಲ್ಲಿ ಸಂಚರಿಸಿ ಹಲಗೆ, ಇಟ್ಟಿಗೆ, ಕಲ್ಲುಗಳನ್ನು ಒಡೆದು ತೋರಿಸಿದ. ಗೂಳಿಯ ಕೊಂಬು ಮುರಿದನೆಂಬ ಕಥೆಗಳು ಅವನ ಸುತ್ತ ಹುತ್ತದಂತೆ ಬೆಳೆದವು. 1964ರಲ್ಲಿ ಅವನು ಸ್ಥಾಪಿಸಿದ ಕ್ಯೊಕುಶಿನ್ ಪಂಥದಲ್ಲಿ ಒಡೆಯುವುದು ಸ್ಪರ್ಧೆಯ ಭಾಗವೇ ಆಯಿತು. ಕಾದಾಟ ಸಮಸಮವಾದಾಗ ಒಡೆದ ಹಲಗೆಗಳ ಎಣಿಕೆಯೂ ತೀರ್ಪಿಗೆ ಒದಗಿತು. ಕೊರಿಯಾದ ಟೈಕ್ವಾಂಡೊ ಕೂಡ ಇದನ್ನು ತನ್ನ ಅಂಗವಾಗಿಸಿಕೊಂಡಿತು. ಇತ್ತ ಬ್ರೂಸ್ ಲೀಗೆ ಇದರಲ್ಲಿ ಒಲವಿರಲಿಲ್ಲ. 1973ರ 'ಎಂಟರ್ ದಿ ಡ್ರ್ಯಾಗನ್' ಚಿತ್ರದಲ್ಲಿ ಎದುರಾಳಿಯು ಅವನ ಮುಖದ ಮುಂದೆಯೇ ಹಲಗೆಯೊಂದನ್ನು ಮುರಿದಾಗ, ಹಲಗೆಗಳು ತಿರುಗಿ ಹೊಡೆಯುವುದಿಲ್ಲ ಎಂಬ ಅರ್ಥದ ಮಾತೊಂದನ್ನು ತಣ್ಣಗೆ ಹೇಳುತ್ತಾನೆ. ಆ ಮಾತಿಗೆ ಮತ್ತೆ ಬರುತ್ತೇನೆ.

ಈಗ ನನ್ನ ಎರಡನೆಯ ಮಾತಿನ ಲೆಕ್ಕ. ಮೇಸ್ತ್ರಿ ಬಂದುಹೋದ ದಿನ ಸಂಜೆ ಅಧ್ಯಾಪಕರ ಕೊಠಡಿಯಲ್ಲಿ ನಾನು ಮಂಕಾಗಿ ಕೂತಿದ್ದೆ. ಭೌತಶಾಸ್ತ್ರದ ಹಿರಿಯ ಸಹೋದ್ಯೋಗಿಯೊಬ್ಬರು ಗ್ರಂಥಾಲಯದಿಂದ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯ ಹಳೆಯ ಸಂಚಿಕೆಯೊಂದನ್ನು ತಂದು ನನ್ನ ಮುಂದಿಟ್ಟರು. 1979ರ ಏಪ್ರಿಲ್ ಸಂಚಿಕೆ. ಅದರಲ್ಲಿ ಕರಾಟೆಯ ಭೌತಶಾಸ್ತ್ರವನ್ನು ಕುರಿತ ಲೇಖನ. ಬರೆದವರು ಮೈಕೆಲ್ ಫೆಲ್ಡ್, ರೊನಾಲ್ಡ್ ಮೆಕ್‌ನೇರ್, ಸ್ಟೀಫನ್ ವಿಲ್ಕ್ ಎಂಬ ಮೂವರು. ಸಹೋದ್ಯೋಗಿಗಳು ನಡುವಿನ ಹೆಸರಿನ ಮೇಲೆ ಬೆರಳಿಟ್ಟು, "ಈತ ಹೋದ ವಾರ ತೀರಿಕೊಂಡ" ಎಂದರು. 1986ರ ಜನವರಿ 28ರಂದು ಆಕಾಶದಲ್ಲಿ ಸಿಡಿದುಹೋದ ಚಾಲೆಂಜರ್ ಗಗನನೌಕೆಯಲ್ಲಿದ್ದ ಏಳು ಜನರಲ್ಲಿ ಮೆಕ್‌ನೇರ್ ಒಬ್ಬ. ಆ ವಾರದ ಪತ್ರಿಕೆಗಳಲ್ಲಿ ನಾನು ಅವನ ಭಾವಚಿತ್ರವನ್ನು ನೋಡಿದ್ದೆ. ಇಟ್ಟಿಗೆಗೂ ಅವನಿಗೂ ಸಂಬಂಧವಿದ್ದೀತೆಂದು ಊಹಿಸಿರಲಿಲ್ಲ.

ಅವನು ಅಮೆರಿಕದ ದಕ್ಷಿಣದ ಸಣ್ಣ ಊರಿನ ಕರಿಯ ಹುಡುಗ. ಒಂಬತ್ತು ವರ್ಷದವನಾಗಿದ್ದಾಗ, 1959ರಲ್ಲಿ, ಊರಿನ ಗ್ರಂಥಾಲಯಕ್ಕೆ ಪುಸ್ತಕ ಎರವಲು ಪಡೆಯಲು ಹೋದ. ಕರಿಯರಿಗೆ ಪುಸ್ತಕ ಕೊಡುವುದಿಲ್ಲವೆಂದರು. ಹುಡುಗ ಜಾಗ ಬಿಟ್ಟು ಕದಲಲಿಲ್ಲ. ಪೊಲೀಸರನ್ನೂ ಅವನ ತಾಯಿಯನ್ನೂ ಕರೆಸಿದರು. ಕೊನೆಗೆ ಅವನು ಪುಸ್ತಕ ಹಿಡಿದುಕೊಂಡೇ ಮನೆಗೆ ಹೋದ. 1976ರಲ್ಲಿ ಮೆಸಾಚುಸೆಟ್ಸ್ ತಂತ್ರವಿಜ್ಞಾನ ಸಂಸ್ಥೆಯಿಂದ ಭೌತಶಾಸ್ತ್ರದಲ್ಲಿ ಡಾಕ್ಟರೇಟು ಪಡೆದ. ಕರಾಟೆಯಲ್ಲಿ ಕಪ್ಪು ಪಟ್ಟಿಯ ಗುರುವೂ ಆದ. ಹೀಗೆ ಒಡೆಯುವ ಕೈಯೂ ಅಳೆಯುವ ಕಣ್ಣೂ ಒಬ್ಬನಲ್ಲೇ ಕೂಡಿದವು. ಇದಕ್ಕೆ ಮೊದಲು, 1975ರಲ್ಲಿ, ಜರ್ಲ್ ವಾಕರ್ ಎಂಬ ಭೌತಶಾಸ್ತ್ರಜ್ಞನೂ ಕರಾಟೆಯ ಏಟುಗಳನ್ನು ಕುರಿತು ಬರೆದಿದ್ದ.

ಅವರು ಕಂಡದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಎರಡು ತುದಿಗಳಲ್ಲಿ ಆಸರೆ ಕೊಟ್ಟ ಹಲಗೆಯ ನಡುವೆ ಏಟು ಬಿದ್ದಾಗ ಅದು ಕೆಳಕ್ಕೆ ಬಾಗುತ್ತದೆ. ಆಗ ಮೇಲ್ಮೈ ಒತ್ತಿಕೊಳ್ಳುತ್ತದೆ, ಕೆಳಮೈ ಹಿಗ್ಗುತ್ತದೆ. ಕಲ್ಲು, ಇಟ್ಟಿಗೆ, ಕಾಂಕ್ರೀಟುಗಳಿಗೆ ಒತ್ತಡವನ್ನು ತಾಳುವ ಶಕ್ತಿ ಬಹಳ. ಎಳೆತವನ್ನು ತಾಳುವ ಶಕ್ತಿ ಬಹಳ ಕಡಿಮೆ. ಕಾಂಕ್ರೀಟಿನಲ್ಲಿ ಇದು ಅದರ ಸುಮಾರು ಹತ್ತನೆಯ ಒಂದು ಪಾಲು ಮಾತ್ರ. ಆದ್ದರಿಂದ ಬಿರುಕು ಹುಟ್ಟುವುದು ಕೈ ತಗಲಿದ ಕಡೆಯಲ್ಲಲ್ಲ, ಕೆಳಮೈಯಲ್ಲಿ. ಅಲ್ಲಿಂದ ಮೇಲಕ್ಕೆ ಓಡುತ್ತದೆ. ನಮ್ಮ ಹಳೆಯ ಸ್ಥಪತಿಗಳಿಗೆ ಕಲ್ಲಿನ ಈ ದೌರ್ಬಲ್ಯ ಚೆನ್ನಾಗಿ ಗೊತ್ತಿತ್ತು. ಹಂಪೆಯ ಮಂಟಪಗಳಲ್ಲಿ, ಮೂಡಬಿದಿರೆಯ ಸಾವಿರ ಕಂಬದ ಬಸದಿಯಲ್ಲಿ ಕಂಬಗಳು ಅಷ್ಟು ಒತ್ತೊತ್ತಾಗಿರುವುದು ಬರಿಯ ಅಲಂಕಾರಕ್ಕಲ್ಲ. ಕಲ್ಲಿನ ತೊಲೆಯನ್ನು ದೂರಕ್ಕೆ ಚಾಚಿದರೆ ಅದು ತನ್ನ ಭಾರಕ್ಕೆ ತಾನೇ ಅಡಿಯಿಂದ ಬಿರಿಯುತ್ತದೆ. ನೆಲದ ಮೇಲೆ ಮಲಗಿದ ಇಟ್ಟಿಗೆಗೆ ಉದ್ದಕ್ಕೂ ಆಸರೆಯಿದೆ, ಬಾಗಲು ಎಡೆಯಿಲ್ಲ, ಆದ್ದರಿಂದ ಬಿರುಕಿಗೆ ದಾರಿಯಿಲ್ಲ. ಮೇಸ್ತ್ರಿ ಭೂಮಿತಾಯಿ ಎಂದದ್ದು ಇದನ್ನೇ.

ಮರಕ್ಕೆ ಇನ್ನೊಂದು ಗುಟ್ಟಿದೆ. ಸೌದೆ ಸೀಳಿದವರಿಗೆಲ್ಲ ಅದು ಗೊತ್ತು. ಎಳೆಯ ಗುಂಟ ಸೀಳಿದರೆ ಮರ ಬೇಗ ಬಿಡುತ್ತದೆ. ಎಳೆಗೆ ಅಡ್ಡವಾಗಿ ಕೊಡಲಿ ಹಾಕಿದರೆ ಮೊಂಡು ಹಿಡಿಯುತ್ತದೆ. ಪ್ರದರ್ಶನದ ಹಲಗೆಯನ್ನು ಮುರಿತವು ಎಳೆಯ ಗುಂಟ ಹೋಗುವಂತೆಯೇ ಕೊಯ್ದು ಇಟ್ಟಿರುತ್ತಾರೆ. ಹಲಗೆ ಚೆನ್ನಾಗಿ ಒಣಗಿರಬೇಕು. ಇನ್ನು ಹೆಂಚುಗಳನ್ನೋ ಚಪ್ಪಡಿಗಳನ್ನೋ ಒಂದರ ಮೇಲೊಂದು ಇಡುವಾಗ ನಡುವೆ ಸಣ್ಣ ಕಡ್ಡಿಗಳನ್ನಿಟ್ಟು ಸಂದು ಬಿಟ್ಟರೆ, ಅವೆಲ್ಲ ಒಟ್ಟಾಗಿ ಎದುರಿಸುವುದಿಲ್ಲ. ಒಂದು ಮುರಿದ ಮೇಲೆ ಇನ್ನೊಂದರ ಸರದಿ. ಮುರಿದ ತುಂಡುಗಳೂ ಕೆಳಗಿನದನ್ನು ಬಡಿಯುತ್ತವೆ. ಸಂದಿಲ್ಲದೆ ಒತ್ತಿಟ್ಟ ನಾಲ್ಕಕ್ಕಿಂತ ಸಂದು ಬಿಟ್ಟ ನಾಲ್ಕು ಎಷ್ಟೋ ಸುಲಭ. ಒಗ್ಗಟ್ಟಿನಲ್ಲಿ ಬಲವಿದೆ ಎಂಬ ಗಾದೆ ಹೆಂಚಿಗೂ ಸಲ್ಲುತ್ತದೆ.

ಇನ್ನು ಕೈಯ ಮಾತು. ಮಿನುಗುದೀಪದ ಬೆಳಕಿನಲ್ಲಿ ತೆಗೆದ ವೇಗದ ಛಾಯಾಚಿತ್ರಗಳಿಂದ ಅವರು ಕೈಯ ವೇಗವನ್ನು ಅಳೆದರು. ಪೈನ್ ಮರದ ಒಂದು ಹಲಗೆಯನ್ನು ಮುರಿಯಲು ಕೈಯು ಸೆಕೆಂಡಿಗೆ ಸುಮಾರು 6 ಮೀಟರ್ ವೇಗದಲ್ಲಿ ಬಂದರೆ ಸಾಕು. ಹೊಸಬನಿಗೂ ಇದು ಸಾಧ್ಯ. ಸುಮಾರು 4 ಸೆಂಟಿಮೀಟರ್ ದಪ್ಪದ ಕಾಂಕ್ರೀಟ್ ಚಪ್ಪಡಿಗೆ ಸುಮಾರು 10 ಮೀಟರ್‌ಗೂ ಮಿಕ್ಕ ವೇಗ ಬೇಕು. ಅದು ಅಭ್ಯಾಸವಿಲ್ಲದೆ ಬಾರದು. ಪಳಗಿದ ಕೈ 14 ಮೀಟರ್ ಮುಟ್ಟುವುದುಂಟು. ಅದು ಗಂಟೆಗೆ 50 ಕಿಲೋಮೀಟರ್, ನಮ್ಮ ಹೆದ್ದಾರಿಯ ಬಸ್ಸಿನ ಓಟ! ವೇಗ ಇಮ್ಮಡಿಯಾದರೆ ಚಲನಶಕ್ತಿ ನಾಲ್ಮಡಿಯಾಗುತ್ತದೆ. ಆದ್ದರಿಂದ ಇಲ್ಲಿ ತೋಳಿನ ಗಾತ್ರಕ್ಕಿಂತ ವೇಗಕ್ಕೆ ಬೆಲೆ ಹೆಚ್ಚು. ಕಾಂಕ್ರೀಟಿನ ಮೇಲೆ ಬೀಳುವ ಬಲ ಸುಮಾರು 3,000 ನ್ಯೂಟನ್, ಎಂದರೆ ಹೆಚ್ಚುಕಡಿಮೆ ಮೂರು ಕ್ವಿಂಟಲ್ ಅಕ್ಕಿಯ ಭಾರ. ಆದರೆ ಆ ಭಾರ ನಿಲ್ಲುವುದು ಸೆಕೆಂಡಿನ ಸಾವಿರದ ಕೆಲವೇ ಪಾಲುಗಳಷ್ಟು ಹೊತ್ತು.

ಹಾಗಿದ್ದರೆ ಕೈ ಏಕೆ ಮುರಿಯುವುದಿಲ್ಲ? ಏಕೆಂದರೆ ಎಲುಬು ನಾವು ತಿಳಿದಿರುವುದಕ್ಕಿಂತ ಗಟ್ಟಿ. ಬಾಗಿ ಮುರಿಯುವುದನ್ನು ತಡೆಯುವಲ್ಲಿ ಅದು ಕಾಂಕ್ರೀಟಿಗಿಂತ 40 ಪಟ್ಟಿಗೂ ಮಿಗಿಲೆಂದು ಅವರ ಲೆಕ್ಕ. ಅಲ್ಲದೆ ಕೈಯ ಎಲುಬುಗಳು ಚರ್ಮ, ಸ್ನಾಯು, ಕೀಲುಗಳ ಮೆತ್ತೆಯೊಳಗಿವೆ. ಏಟಿನ ಪಾಲನ್ನು ಮುಂಗೈ, ತೋಳು, ಮೈಗೆ ಹಂಚಿಬಿಡುತ್ತವೆ. ಆದರೆ ಅದು ಸರಿಯಾದ ಜಾಗದಿಂದ ಹೊಡೆದಾಗ ಮಾತ್ರ. ಮುಷ್ಟಿಯಲ್ಲಿ ತೋರುಬೆರಳು ನಡುಬೆರಳುಗಳ ಗೆಣ್ಣುಗಳು ಮುಂಗೈಯ ನೇರಕ್ಕೆ ಗಟ್ಟಿಯಾಗಿ ನಿಲ್ಲುತ್ತವೆ. ಕಿರುಬೆರಳಿನ ಗೆಣ್ಣು ಹಾಗಲ್ಲ. ಅದರ ಬುಡದ ಎಲುಬು ತೆಳ್ಳಗಿದೆ, ಅಲುಗಾಡುತ್ತದೆ. ನನ್ನ ವಿದ್ಯಾರ್ಥಿಯ ಎಲುಬು ಮುರಿದದ್ದು ಅಲ್ಲಿಯೇ. ಬಳಕೆಗೆ ತಕ್ಕಂತೆ ಎಲುಬು ತನ್ನನ್ನು ಬಲಪಡಿಸಿಕೊಳ್ಳುತ್ತದೆ ಎಂಬುದನ್ನು ಜರ್ಮನಿಯ ವೈದ್ಯ ಯೂಲಿಯಸ್ ವೋಲ್ಫ್ 1892ರಲ್ಲೇ ಬರೆದಿದ್ದ. ಅದು ತಿಂಗಳು ವರ್ಷಗಳ ಕೆಲಸ. ಒಂದು ರಾತ್ರಿಯ ಸಂಕಲ್ಪದ್ದಲ್ಲ. ಬೆಳೆಯುವ ವಯಸ್ಸಿನ ಮಕ್ಕಳಲ್ಲಿ ಎಲುಬಿನ ತುದಿಗಳು ಇನ್ನೂ ಎಳಸಾಗಿರುವುದರಿಂದ ಇಂಥ ಏಟುಗಳು ಅವರಿಗೆ ಸಲ್ಲವು.

ಇಷ್ಟೆಲ್ಲ ಇದ್ದ ಮೇಲೆ ಮನಸ್ಸಿಗೆ ಕೆಲಸವೇ ಇಲ್ಲವೆ? ಇದೆ, ಆದರೆ ನಾನು ಸಭೆಯಲ್ಲಿ ಹೇಳಿದ ಕೆಲಸವಲ್ಲ. ಕೈ ಚಾಚುತ್ತ ಹೋದಂತೆ ಅದರ ವೇಗ ಏರಿ, ಸುಮಾರು ಮುಕ್ಕಾಲು ಪಾಲು ಚಾಚಿದಾಗ ಶಿಖರ ಮುಟ್ಟುತ್ತದೆ, ಆಮೇಲೆ ಇಳಿಯುತ್ತದೆ, ಪೂರ್ತಿ ಚಾಚಿದಾಗ ಸೊನ್ನೆ. ಹಲಗೆಯ ಮೇಲ್ಮೈಯನ್ನೇ ಗುರಿಯಾಗಿಸಿ ಕೈಯನ್ನು ಅಲ್ಲಿಗೇ ಮುಗಿಸಿದರೆ, ಮುಟ್ಟುವ ಹೊತ್ತಿಗೆ ವೇಗ ಸತ್ತಿರುತ್ತದೆ. ಆದ್ದರಿಂದಲೇ ಹಳೆಯ ಗುರುಗಳು ಹಲಗೆಯನ್ನು ನೋಡಬೇಡ, ಅದರ ಆಚೆಗೆ ಹೊಡೆ ಎಂದು ಕಲಿಸುತ್ತಿದ್ದರು. ಅದನ್ನು ಯೋಗರಹಸ್ಯವೆಂದು ಭಾವಿಸಿದವರು ಎಷ್ಟೋ ಜನ. ಅಳೆದು ನೋಡಿದಾಗ ಅದು ನಿಷ್ಠುರವಾದ ಸತ್ಯ. ನೋವಿಗೆ ಅಂಜುವವನು ತನಗರಿಯದೆ ಕೊನೆಯ ಗಳಿಗೆಯಲ್ಲಿ ಕೈಯನ್ನು ಹಿಂದಕ್ಕೆ ಸೆಳೆಯುತ್ತಾನೆ. ದೇವಸ್ಥಾನದ ಮುಂದೆ ಈಡುಗಾಯಿ ಒಡೆಯುವವನನ್ನು ನೋಡಿ: ಅನುಮಾನಿಸದೆ ಬೀಸಿದರೆ ಕಾಯಿ ಚೂರಾಗುತ್ತದೆ, ಅನುಮಾನಿಸಿದರೆ ಪುಟಿದು ಪಕ್ಕದವರ ಕಾಲಿಗೆ ಬೀಳುತ್ತದೆ. ಮನಸ್ಸಿನ ಕೆಲಸ ಇಷ್ಟೇ: ಅಭ್ಯಾಸದಿಂದ ಕೈಗೆ ಬಂದ ವೇಗವನ್ನು ಕೊನೆಯ ಗಳಿಗೆಯಲ್ಲಿ ಭಯವು ಕದಿಯದಂತೆ ಕಾಯುವುದು. ಸಾಧನೆಯಿಲ್ಲದ ಕಡೆ ಕಾಯಲು ಏನೂ ಇರುವುದಿಲ್ಲ.

ಬ್ರೂಸ್ ಲೀಯ ಮಾತಿಗೆ ಬರುತ್ತೇನೆಂದಿದ್ದೆ. ಕಾದಾಟದ ಅರ್ಥದಲ್ಲಿ ಅವನು ಹೇಳಿದ್ದು ಸರಿ. ಆದರೆ ಹಲಗೆ ತಿರುಗಿ ಹೊಡೆಯುತ್ತದೆ. ಪ್ರತಿಯೊಂದು ಬಲಕ್ಕೂ ಅಷ್ಟೇ ಪ್ರತಿಬಲವುಂಟೆಂಬುದು ನ್ಯೂಟನ್ನನ ನಿಯಮ. ಹಲಗೆ ಮುರಿದರೆ ಕೈ ಅದನ್ನು ದಾಟಿ ಮುಂದೆ ಹೋಗುತ್ತದೆ, ಉಳಿದ ವೇಗ ಗಾಳಿಯಲ್ಲಿ ಕರಗುತ್ತದೆ. ಮುರಿಯದಿದ್ದರೆ ಅಷ್ಟು ವೇಗವೂ ಕೂದಲೆಳೆಯಷ್ಟು ದೂರದಲ್ಲಿ ನಿಲ್ಲಬೇಕು. ಅದರ ಬೆಲೆಯನ್ನು ಕೈಯೇ ತೆರಬೇಕು. ಒಡೆದ ಇಟ್ಟಿಗೆಗಿಂತ ಒಡೆಯದ ಇಟ್ಟಿಗೆ ಅಪಾಯಕಾರಿ. ಅರ್ಧಮನಸ್ಸಿನ ಏಟು ಪೂರ್ಣಮನಸ್ಸಿನ ಏಟಿಗಿಂತ ಹೆಚ್ಚು ನೋವು ಕೊಡುತ್ತದೆ.

ವಿಜ್ಞಾನ ವಿವರಿಸಿದೊಡನೆ ಬೆರಗು ಹೋಗಿಬಿಡುತ್ತದೆಂದು ಸಾಹಿತ್ಯದ ನಮ್ಮ ಬಳಗದಲ್ಲಿ ಆಗಾಗ ಕೇಳುತ್ತೇವೆ. ನನ್ನ ಅನುಭವ ಬೇರೆ. ಅಂದು ಸಭೆಯಲ್ಲಿ ನಾನು ಕಂಡದ್ದು ಒಬ್ಬ ಗುರುವಿನ ಪವಾಡ. ಆ ಲೇಖನವನ್ನು ಓದಿದ ಮೇಲೆ ಕಂಡದ್ದು ಎಲುಬಿನ, ಮರದ, ಕಲ್ಲಿನ, ವರ್ಷಗಟ್ಟಲೆಯ ಅಭ್ಯಾಸದ ಪವಾಡ. ಬೆರಗು ಕುಂದಲಿಲ್ಲ, ನಾಲ್ಕು ಕಡೆಗೆ ಹರಡಿತು. ಪವಾಡವೆಂದು ಕೈಮುಗಿದಾಗ ಕಲಿಯುವ ದಾರಿ ಮುಚ್ಚುತ್ತದೆ. ಕೈಮುಗಿದವನು ಅನುಕರಿಸಹೊರಟರಂತೂ ಕೈಯೇ ಮುರಿಯುತ್ತದೆ. ಆ ಗುರುಗಳು ಅಂದು ಮೋಸ ಮಾಡಲಿಲ್ಲ. ಇಟ್ಟಿಗೆಯನ್ನು ಎರಡು ಕಲ್ಲುಗಳ ಮೇಲೆ ಎಲ್ಲರಿಗೂ ಕಾಣುವಂತೆಯೇ ಇಟ್ಟಿದ್ದರು. ಕಂಡದ್ದನ್ನು ನಾನು ಹೇಳಲಿಲ್ಲ. ಕಾಣದ್ದನ್ನು ಅಲಂಕರಿಸಿ ಹೇಳಿದೆ. ಎರಡು ಕಲ್ಲು ನನ್ನ ಕಣ್ಣಿಗೆ ಬಿದ್ದಿದ್ದರೆ, ಹುಡುಗನ ಕಣ್ಣಿಗೂ ಬೀಳುತ್ತಿದ್ದವೇನೋ.

ಹುಡುಗ ಮುಂದಿನ ಅಕ್ಟೋಬರಿನಲ್ಲಿ ಪರೀಕ್ಷೆ ಕಟ್ಟಿ ಪಾಸಾದ. ಓದು ಮುಗಿಸಿ ಒಂದು ಪ್ರೌಢಶಾಲೆಯಲ್ಲಿ ಮೇಷ್ಟ್ರಾದ. ಕೆಲವು ವರ್ಷಗಳ ಹಿಂದೆ ಒಂದು ಮದುವೆಯಲ್ಲಿ ಸಿಕ್ಕಿದ. ತಂದೆ ತೀರಿಕೊಂಡರೆಂದು ತಿಳಿಸಿದ. ಅವರ ಕರಣೆಯನ್ನು ಮನೆಯ ಗೂಡಿನಲ್ಲಿ ಇಟ್ಟುಕೊಂಡಿದ್ದಾನಂತೆ. ಊಟದ ಪಂಕ್ತಿಯಲ್ಲಿ ನನ್ನ ಪಕ್ಕದಲ್ಲೇ ಕೂತು ಬಲಗೈ ಮುಷ್ಟಿ ಹಿಡಿದು ತೋರಿಸಿದ. ಮೂರು ಗೆಣ್ಣುಗಳು ಎದ್ದು ಕಾಣುತ್ತಿದ್ದವು. ನಾಲ್ಕನೆಯದು ಇರಬೇಕಾದಲ್ಲಿ ಒಂದು ತಗ್ಗು. "ಸಾರ್, ಇದು ನಿಮ್ಮ ವಂದನಾರ್ಪಣೆ" ಎಂದು ನಕ್ಕ. ನಾನೂ ನಕ್ಕೆ. ಆಮೇಲೆ ಬಹಳ ಹೊತ್ತು ಎಲೆಯ ಮೇಲಿನ ಅನ್ನವನ್ನು ಕಲಸುತ್ತಲೇ ಇದ್ದೆ.